ಕಿಮೋ ಆದಮೇಲಿನ ಜೋಮು, ವೈಬ್ರೇಷನ್ ಪ್ಲೇಟ್: ನನ್ನ ಅನುಭವ

ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿಸ್ಟ್. ಕ್ಯಾನ್ಸರ್‌ಗೆ ಕಿಮೋ ಮುಗಿಸಿ ನನ್ನ ಹತ್ತಿರ ಬರುವವರ ಮಾತು ಹೆಚ್ಚುಕಡಿಮೆ ಒಂದೇ: "ಕಾಲಾಗ ಜೋಮು ಹಿಡದದ್ರಿ, ನೆಲಾ ತುಳದದ್ದೇ ಗೊತ್ತಾಗವಲ್ದು."

ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ಸಿಸ್‌ಪ್ಲಾಟಿನ್, ವಿನ್‌ಕ್ರಿಸ್ಟಿನ್ ಇವೆಲ್ಲ ನರಗಳಿಗೂ ಪೆಟ್ಟು ಕೊಡುವ ಕಿಮೋ ಔಷಧಿಗಳು. ಉದ್ದದ ನರಗಳಿಗೆ ಮೊದಲ ಏಟು, ಹಾಗಾಗಿ ಕಾಲ್ಬೆರಳಿನಿಂದ ಶುರು. ಆಕ್ಸಾಲಿಪ್ಲಾಟಿನ್, ಸಿಸ್‌ಪ್ಲಾಟಿನ್ ಆದರೆ ಕಿಮೋ ನಿಂತ ಮೇಲೂ ಕೆಲವು ತಿಂಗಳು ಜೋಮು ಜಾಸ್ತಿ ಆಗುತ್ತಾ ಹೋಗಬಹುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ರೋಗ ತಿರುಗಿ ಬಂತೇನೋ ಅಂತ ಹೆದರುತ್ತಾರೆ, ಪಾಪ.

ಇಂಥವರಿಗೆ ನಾನು ವೈಬ್ರೇಷನ್ ಪ್ಲೇಟ್ ಬಳಸುತ್ತೇನೆ, ಅಂದರೆ ಮೇಲೆ ನಿಂತಾಗ ಅದುರುವ ಹಲಗೆಯಂಥ ಯಂತ್ರ. ಆದರೆ ಯಾರನ್ನೂ ಬಂದ ಕೂಡಲೇ ಪ್ಲೇಟ್ ಹತ್ತಿಸುವುದಿಲ್ಲ. ಜೇವರ್ಗಿ ಕಡೆಯ ಒಬ್ಬ ಅವ್ವ ಸ್ತನ ಕ್ಯಾನ್ಸರ್‌ಗೆ ಪ್ಯಾಕ್ಲಿಟ್ಯಾಕ್ಸೆಲ್ ತಗೊಂಡಿದ್ದರು. ಅದುರು ಗೊತ್ತಾಗುತ್ತದೋ ಇಲ್ಲವೋ ನೋಡಲು 128 ಹರ್ಟ್ಜ್ ಟ್ಯೂನಿಂಗ್ ಫೋರ್ಕ್ (ಬಡಿದರೆ ಸೆಕೆಂಡಿಗೆ 128 ಸಲ ಅದುರುವ ಲೋಹದ ಕವಲುಕಡ್ಡಿ) ಬಡಿದು ಕಾಲಿನ ಹೆಬ್ಬೆರಳ ಮೇಲೆ ಇಟ್ಟೆ. "ಏನೂ ಗೊತ್ತಾಗವಲ್ದು ನೋಡವ್ವ" ಅಂದರು. ಹರಡಿನ ಮೇಲೂ ಇಲ್ಲ. ಮೊಣಕಾಲಿಗೆ ಇಟ್ಟಾಗ ಮುಖ ಅರಳಿತು. "ಹಾಂ, ಇಲ್ಲಿ ಗುಂಯ್ ಅಂತದ!" ಕಣ್ಣು ಮುಚ್ಚಿ ನಿಲ್ಲಿ ಅಂದರೆ ಜೋಲಿ ಹೊಡೆದು ನನ್ನ ತೋಳು ಹಿಡಿದರು. ಮನೆ ತುಂಬ ಶಹಾಬಾದ್ ಫರಸಿ. ರಾತ್ರಿ ಬಚ್ಚಲಿಗೆ ಹೋಗುವುದೇ ಭಯ ಅಂತಿದ್ದರು.

ಪ್ಲೇಟ್ ಮೇಲೆ ನಿಲ್ಲುವ ರೀತಿ ಮುಖ್ಯ. ಕೈ ಹಿಡಿಕೆಯ ಮೇಲೆ, ಮೊಣಕಾಲು ಸ್ವಲ್ಪ ಬಾಗಿರಬೇಕು, ಭಾರ ಪಾದದ ಮುಂದಿನ ಭಾಗಕ್ಕೆ. ಕಾಲು ನೆಟ್ಟಗೆ ಇಟ್ಟರೆ ಅದುರು ಸೀದಾ ತಲೆಗೆ ಏರುತ್ತದೆ. ಅವ್ವನಿಗೆ 18 ಹರ್ಟ್ಜ್ ಆಸುಪಾಸಿನಲ್ಲಿ ಅರ್ಧ ನಿಮಿಷ ಕೊಟ್ಟು ಇಳಿಸುತ್ತಿದ್ದೆ. ಒಂದು ನಿಮಿಷ ಸುಧಾರಿಸಿಕೊಂಡು ಮತ್ತೆ. ಅದುರುವಾಗ ಸ್ನಾಯುಗಳು ನಾವು ಹೇಳದೆಯೇ ಬಿಗಿಯುತ್ತವೆ, ಪಾದದಿಂದ ಬೆನ್ನುಹುರಿಗೆ ಸಂದೇಶದ ಮೇಲೆ ಸಂದೇಶ ಹೋಗುತ್ತದೆ. ಇಳಿದ ಮೇಲೆ ಸುಮ್ನೆ ಕೂರಿಸುವುದಿಲ್ಲ. ಗೋಡೆ ಪಕ್ಕದಲ್ಲಿ ಒಂಟಿಕಾಲಲ್ಲಿ ನಿಲ್ಲುವುದು, ಫೋಮ್ ಮೇಲೆ ನಿಲ್ಲುವುದು, ಒಂದು ಹೆಜ್ಜೆಯ ಮುಂದೆ ಇನ್ನೊಂದು ಇಟ್ಟು ನಡೆಯುವುದು. ನನ್ನ ಮಟ್ಟಿಗೆ ಚಿಕಿತ್ಸೆ ಇರುವುದೇ ಇಲ್ಲಿ. ಪ್ಲೇಟ್ ಇದಕ್ಕೆ ಪಾದವನ್ನು ತಯಾರು ಮಾಡುತ್ತದೆ ಅಷ್ಟೇ.

ಕೆಲವು ವಾರ ಕಳೆದ ಮೇಲೂ ಫೋರ್ಕ್ ಹೆಬ್ಬೆರಳಿಗೆ ಗೊತ್ತಾಗಲಿಲ್ಲ. ಆದರೆ ಅವ್ವ ಕಣ್ಣು ಮುಚ್ಚಿ ನಿಲ್ಲುವಂತಾದರು. "ಜೋಮು ಹಂಗೇ ಅದ, ಗ್ವಾಡಿ ಹಿಡೀಲಾರ್ದ ಅಡ್ಡಾಡ್ತೀನಿ" ಅಂದರು. ನನಗೆ ಆ ದಿನ ತುಂಬಾ ಖುಷಿಯಾಯಿತು.

ಈ ವಿಷಯದ ಅಧ್ಯಯನಗಳು ಇನ್ನೂ ಸಣ್ಣವು. ಜೋಮು ಪೂರ್ತಿ ಹೋಗುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಉರಿ, ನೋವು ಜಾಸ್ತಿ ಇದ್ದರೆ ಕ್ಯಾನ್ಸರ್ ಡಾಕ್ಟರ ಹತ್ತಿರ ವಾಪಸ್ ಕಳಿಸುತ್ತೇನೆ. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಆಸ್ಕೋ 2020ರ ಮಾರ್ಗಸೂಚಿಯಲ್ಲಿ ಆ ನೋವಿಗೆ ಶಿಫಾರಸು ಮಾಡಿದ್ದು ಡ್ಯುಲೊಕ್ಸೆಟಿನ್ ಎಂಬ ಔಷಧಿ ಒಂದನ್ನೇ.

ತೂಕ ಇಳಿಸಲು ಅಂತ ಮಾರುವ ಪ್ಲೇಟ್ ತಂದು ಮನೆಯಲ್ಲಿ ಹತ್ತಬೇಡಿ, ಕೈ ಮುಗಿದು ಹೇಳುತ್ತೇನೆ. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ, ಪೇಸ್‌ಮೇಕರ್ ಇದ್ದರೆ, ಮೂಳೆ ಮುರಿದದ್ದು ಇನ್ನೂ ಕೂಡಿರದಿದ್ದರೆ ಅಪಾಯ. ಡಾಕ್ಟರು ಸರಿ ಅನ್ನುವ ತನಕ ನಾನು ಸ್ವಿಚ್ ಮುಟ್ಟುವುದಿಲ್ಲ. ಮತ್ತೆ, ನಮ್ಮ ಬೇಸಿಗೆಯಲ್ಲಿ ಬರಿಗಾಲಲ್ಲಿ ಹೊರಗೆ ಹೋಗಬೇಡಿ. ಸುಟ್ಟರೂ ಗೊತ್ತಾಗುವುದಿಲ್ಲ. ದಿನಾ ಮಲಗುವ ಮುಂಚೆ ಅಂಗಾಲನ್ನು ಮನೆಯವರಿಗೆ ತೋರಿಸಿ.