ರಾತ್ರಿಗೊಂದು ಸೆಕೆಂಡ್: ಶಿರಸಿಯ ಮನೆಯಲ್ಲಿ ಕೂತು ಅನಿಮೇಶನ್ ಕಲಿತ ನನ್ನ ಅನುಭವ

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಸೈಕಲ್ಸ್ (ಬ್ಲೆಂಡರ್ ಅನಿಮೇಶನ್ ಸಾಫ್ಟ್‌ವೇರಿನ ರೆಂಡರ್ ಎಂಜಿನ್) ಬಳಸಿ ರೆಂಡರ್ ಮಾಡಿ, ಅಂದರೆ ಕಂಪ್ಯೂಟರಿನಲ್ಲಿ ಕಟ್ಟಿದ ದೃಶ್ಯವನ್ನು ಚಿತ್ರಗಳಾಗಿಸಿ, ಗಿರಾಕಿಗೆ ಕೊಡೋದು ಆಗದ ಮಾತು ಅಂತ ನನ್ನ ಕೋರ್ಸಿನವರು ಹೇಳಿದ್ದರು. ಅತ್ತೆಯದ್ದು ಬೇರೆಯೇ ಚಿಂತೆ: "ಸಣ್ಣ ಮಗು ಇಟ್ಕಂಡು ಎಂತಕ್ಕೆ ಇದೆಲ್ಲ, ತಂಗಿ?" ಈಗ ಜೋಯಿಡಾ ಕಡೆಯ ಹೋಮ್‌ಸ್ಟೇ ಒಂದಕ್ಕೆ ಇಪ್ಪತ್ತು ಸೆಕೆಂಡಿನ ಜಾಹೀರಾತು ಮಾಡಿಕೊಟ್ಟಿದ್ದೇನೆ. ಹನ್ನೆರಡು ಸಾವಿರದ ಹತ್ತಿರ ಕೈಗೆ ಬಂತು. ಅದೇ ಲ್ಯಾಪ್‌ಟಾಪ್, ಸೆಕೆಂಡ್ ಹ್ಯಾಂಡ್, ಇಪ್ಪತ್ತೆಂಟು ಸಾವಿರದ್ದು.

ಶಾಟ್ ಇಷ್ಟೇ. ಮಂಗಟ್ಟೆ (ಹಾರ್ನ್‌ಬಿಲ್) ಹಾರಿ ಬಂದು ಆಲದ ಕೊಂಬೆಯ ಮೇಲೆ ಕೂರುತ್ತೆ, ಮುಂದೆ ನನ್ನ ಮಗಳು ಕೈ ಚಾಚುತ್ತಾಳೆ.

ಮೊದಲು ಬಾಡಿಗೆ ಸರ್ವರ್‌ನಲ್ಲಿ ರೆಂಡರ್ ಮಾಡಿಸಿ ನೋಡಿದೆ. ನಾಲ್ಕೈದು ಸೆಕೆಂಡಿಗೇ ಮೂರು ಸಾವಿರ ಹೋಯಿತು. ನಮ್ಮೂರಿನ ನೆಟ್‌ನಲ್ಲಿ ಫೈಲ್ ಏರಿಸಲು ಹಗಲೆಲ್ಲ ಬೇಕು. ಅದು ನಮ್ಮಂಥವರಿಗಲ್ಲ. ಆಮೇಲೆ ಲೆಕ್ಕ ಹಾಕಿದೆ. ಹಿನ್ನೆಲೆ ಹೇಗೂ ಮೊಬೈಲ್ ವಿಡಿಯೋ. ರೆಂಡರ್ ಆಗಬೇಕಾದ್ದು ಹಕ್ಕಿ ಮತ್ತು ಅದರ ನೆರಳು ಮಾತ್ರ. ಪ್ರತಿ ಪಿಕ್ಸೆಲ್‌ಗೆ ಬೆಳಕಿನ ಲೆಕ್ಕ 64 ಸಲ (64 ಸ್ಯಾಂಪಲ್), ಮೇಲೆ ಉಳಿದ ಕಾಳು ಕಾಳು ಅಳಿಸಲು ಡಿನಾಯ್ಸ್. ಒಂದು ಫ್ರೇಮಿಗೆ, ಅಂದರೆ ಒಂದು ಚಿತ್ರಕ್ಕೆ, ಹತ್ತು ನಿಮಿಷ ಹಿಡಿದರೂ ಒಂದು ಸೆಕೆಂಡಿನ 25 ಫ್ರೇಮಿಗೆ ನಾಲ್ಕು ಗಂಟೆ ಚಿಲ್ಲರೆ. ಮಗಳು ಮಲಗಿದ ಮೇಲೆ ಹಚ್ಚಿದರೆ ಬೆಳಗಾಗುವಷ್ಟರಲ್ಲಿ ಒಂದು ಸೆಕೆಂಡ್ ತಯಾರು. ದಿನಕ್ಕೆ ಅಷ್ಟೇ ಸಾಕು, ಅಲ್ವಾ?

ಮಳೆಗಾಲದ ಕರೆಂಟ್ ಗೊತ್ತಲ್ಲ. ಅದಕ್ಕೇ ವಿಡಿಯೋ ಬದಲು ಇಎಕ್ಸ್‌ಆರ್ ಸೀಕ್ವೆನ್ಸ್ (ಫ್ರೇಮಿಗೊಂದು ಚಿತ್ರದ ಫೈಲ್), ಹಳೇ ಫೈಲಿನ ಮೇಲೆ ಮತ್ತೆ ಬರೆಯುವ ಓವರ್‌ರೈಟ್ ಟಿಕ್ ತೆಗೆದು. ಕರೆಂಟ್ ಬಂದ ಮೇಲೆ ರೆಂಡರ್ ಶುರು ಮಾಡುವ ಬ್ಯಾಚ್ ಫೈಲ್ ಒತ್ತಿದರೆ ಆಗಿರುವ ಫ್ರೇಮುಗಳನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತೆ. ಅರ್ಧ ಬರೆದ ಕೊನೇ ಫ್ರೇಮನ್ನು ಮಾತ್ರ ಮೊದಲು ಅಳಿಸಬೇಕು.

ನಿಜವಾಗಿ ಸತಾಯಿಸಿದ್ದು ಕೀಯಿಂಗ್, ಅಂದರೆ ಒಂದೇ ಬಣ್ಣದ ಬಟ್ಟೆಯ ಮುಂದೆ ಮಗಳನ್ನು ಚಿತ್ರೀಕರಿಸಿ ಆ ಬಣ್ಣವನ್ನು ಅಳಿಸೋದು. ಅಂಗಳದಲ್ಲಿ ಹಸಿರು ಬಟ್ಟೆ ಕಟ್ಟಿದೆ. ಸುತ್ತ ತೋಟ. ಮಗಳ ಕೆನ್ನೆ, ತೋಳು, ಎಲ್ಲದರ ಮೇಲೂ ಹಸಿರು. ಈ ಸ್ಪಿಲ್ (ಮೈಮೇಲೆ ಬಿದ್ದ ಹಸಿರು ಛಾಯೆ) ಎಷ್ಟು ತೆಗೆದರೂ ಮುಖ ಬಾಡಿದಂತೆ ಕಾಣುತ್ತಿತ್ತು. ಪೇಟೆಯಿಂದ ಐದು ಮೀಟರ್ ನೀಲಿ ಬಟ್ಟೆ ತಂದೆ, ಆರುನೂರೋ ಏನೋ ಆಯಿತು. ಬಣ್ಣ ಸರಿಹೋಯಿತು, ಅಂಚು ಮಾತ್ರ ಮೆಟ್ಟಿಲು ಮೆಟ್ಟಿಲು. ಮೊಬೈಲ್ ವಿಡಿಯೋದಲ್ಲಿ ಬಣ್ಣದ ಮಾಹಿತಿ ಅಗಲಕ್ಕೂ ಎತ್ತರಕ್ಕೂ ಅರ್ಧವೇ ಇರುತ್ತೆ, ಕಾರಣ ಅದು. ಹಾಗಾಗಿ 4ಕೆಯಲ್ಲಿ ಹಿಡಿದು, ಮೊದಲು ಅಗಲ ಎತ್ತರ ಎರಡರಲ್ಲೂ ಅದರ ಅರ್ಧವಾದ 1080ಕ್ಕೆ ಇಳಿಸಿ, ಆಮೇಲೆ ಕೀ ಮಾಡಿದೆ. ಆಗ ಪ್ರತಿ ಪಿಕ್ಸೆಲ್‌ಗೂ ತನ್ನದೇ ಬಣ್ಣ ಸಿಗುತ್ತೆ. ಬೆರಳಿನ ಸಂದು ಕೂಡ ನೀಟಾಗಿ ಬಂತು! ಕೂದಲಿನ ಎಳೆ ಉಳಿಸಿಕೊಳ್ಳಲು ಇನ್ನೊಂದು ದಾರಿ ಕಂಡುಕೊಂಡಿದ್ದೇನೆ. ಅದು ಸದ್ಯ ನನ್ನ ಹತ್ತಿರವೇ ಇರಲಿ, ಮುಂದಿನ ಕೆಲಸ ಬಂದಿರುವುದೇ ಅದರಿಂದ.

ಒಳಗೆ ಟ್ಯೂಬ್‌ಲೈಟಿನಲ್ಲಿ ಶೂಟ್ ಮಾಡುವವರು ಶಟರ್ 1/50 ಸೆಕೆಂಡಿಗೆ ಇಡಿ. ನಮ್ಮದು 50 ಹರ್ಟ್ಸ್ ಕರೆಂಟ್, ಮಿಣುಕು ಬರೋದಿಲ್ಲ. ಮೊಬೈಲ್ ಫ್ರೇಮ್ ರೇಟ್ ಒಂದೇ ಸಮ ಇರೋದಿಲ್ಲ, ಟ್ರ್ಯಾಕಿಂಗ್‌ಗೆ (ವಿಡಿಯೋದ ಚಲನೆಯನ್ನು ಸಾಫ್ಟ್‌ವೇರ್ ಹಿಂಬಾಲಿಸೋದಕ್ಕೆ) ಮೊದಲೇ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಪರಿವರ್ತಕದಲ್ಲಿ ಸೆಕೆಂಡಿಗೆ 25 ಫ್ರೇಮಿಗೆ ಕಟ್ಟಿಹಾಕಿ.

ನಡುವೆ ಮಳೆಯ ಹುಚ್ಚು ಹಿಡಿಯಿತು. ಸಾಫ್ಟ್‌ವೇರಿನಲ್ಲಿ ಕಣ ಕಣವಾಗಿ ಸುರಿಸುವ ಪಾರ್ಟಿಕಲ್ ಮಳೆ ಎಷ್ಟು ತಿದ್ದಿದರೂ ಸೂಜಿ ಸುರಿದಂತೆ. ಒಂದು ರಾತ್ರಿ ಜಗಲಿಯ ಎದುರು ಕರೀ ಕಂಬಳಿ ಇಳಿಬಿಟ್ಟು, ಬದಿಯಿಂದ ಟಾರ್ಚ್ ಹಿಡಿದು, ಸೂರಿನಿಂದ ಬೀಳುವ ನೀರನ್ನೂ ಮಳೆಯನ್ನೂ ಬೇರೆ ಬೇರೆ ಚಿತ್ರೀಕರಿಸಿದೆ. ಅದನ್ನು ಬೇರೆ ವಿಡಿಯೋದ ಮೇಲೆ ಸ್ಕ್ರೀನ್ ಎಂಬ ಬೆರೆಸುವ ಮೋಡ್‌ನಲ್ಲಿ ಹಾಕಿದರೆ ಕಪ್ಪು ಮಾಯ, ಮಳೆ ಮಾತ್ರ ಉಳಿಯುತ್ತೆ. ಕಾಸು ಖರ್ಚಿಲ್ಲ. ಈ ಜಾಹೀರಾತಿಗೆ ಅದು ಬೇಕಾಗಲಿಲ್ಲ, ಆದರೆ ಅಷ್ಟು ಒಳ್ಳೆಯ ಮಳೆಯನ್ನು ನಾನು ಬೇರೆಲ್ಲೂ ಮಾಡಿಲ್ಲ.

ಮಂಗಟ್ಟೆ ಸತತವಾಗಿ ರೆಕ್ಕೆ ಬಡಿಯೋದಿಲ್ಲ, ಕೆಲವು ಸಲ ಬಡಿದು ತೇಲುತ್ತೆ. ಹಾಗಾಗಿ ಬಡಿತಕ್ಕೆ ಮತ್ತೆ ಮತ್ತೆ ಓಡಿಸಬಹುದಾದ ಒಂದು ಸುತ್ತು, ತೇಲುವುದಕ್ಕೆ ಒಂದು ಭಂಗಿ ಮಾಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ಕೊಂಬೆಯ ಮೇಲೆ ಕೂತಾಗ ಕೊಂಬೆ ಬಗ್ಗಬೇಕು. ಅದಕ್ಕೆ ವಿಡಿಯೋದ ಕೊಂಬೆಯನ್ನೇ ಮಾಸ್ಕ್ ಮಾಡಿ (ಅಷ್ಟನ್ನೇ ಬೇರ್ಪಡಿಸಿ) ಆರೇಳು ಫ್ರೇಮ್ ಕೆಳಗೆ ಜಗ್ಗಿದೆ. ಹೋಮ್‌ಸ್ಟೇಯವರು ಆ ಜಾಗವನ್ನೇ ಮತ್ತೆ ಮತ್ತೆ ಹಾಕಿಸಿ ನೋಡಿದರು. ಮುಂದಿನ ಕೆಲಸಕ್ಕೆ ಹದಿನೆಂಟು ಸಾವಿರ ಹೇಳಿದ್ದೇನೆ, ಐದು ಸಾವಿರ ಮುಂಗಡ ಕೊಟ್ಟಿದ್ದಾರೆ.