ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಎಪಿಐ: ಸರಿಯಾದ ಫೀಲ್ಡ್ ಹೆಸರು ಹುಡುಕುವುದು ಹೇಗೆ?

ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ನಡೆಸುವ, ವೈದ್ಯಕೀಯ ಅಧ್ಯಯನಗಳನ್ನು ದಾಖಲಿಸುವ ಸೈಟ್ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್‌ನಿಂದ ಎಪಿಐ (ಪ್ರೋಗ್ರಾಂ ಮಾಹಿತಿ ಕೇಳುವ ದ್ವಾರ) ಮೂಲಕ ಮಾಹಿತಿ ಪಡೆಯಲು ಎಪಿಐ ಕೀ ಬೇಡ, ಖಾತೆ ತೆರೆಯುವುದೂ ಬೇಡ. ಬ್ರೌಸರ್‌ನಲ್ಲಿ ವಿಳಾಸ ಹಾಕಿದರೆ ಸಾಕು, ಜೇಸನ್ (ಕೀ ಮತ್ತು ಮೌಲ್ಯಗಳ ಜೋಡಿಯಾಗಿ ಬರೆದ ಮಾಹಿತಿ) ಬಂದು ನಿಲ್ಲುತ್ತದೆ. ಜನ ತಡವರಿಸುವುದು ಫೀಲ್ಡ್, ಅಂದರೆ ಮಾಹಿತಿಯ ಒಂದೊಂದು ಅಂಶದ, ಹೆಸರುಗಳಲ್ಲಿ. ವೆಬ್ ಪುಟದಲ್ಲಿ ಕಾಣುವ ಶೀರ್ಷಿಕೆ ಒಂದು, ರಿಕ್ವೆಸ್ಟ್‌ನಲ್ಲಿ ಬರೆಯುವ ಹೆಸರು ಇನ್ನೊಂದು, ಉತ್ತರದಲ್ಲಿ ಬರುವ ಕೀ ಮತ್ತೊಂದು, ಸಿಎಸ್‌ವಿ ಕಾಲಂ ಹೆಸರು ಮಗದೊಂದು. ಈ ನಾಲ್ಕನ್ನೂ ಕಲಸಿಕೊಳ್ಳದಿದ್ದರೆ ಅರ್ಧ ಕೆಲಸ ಮುಗಿಯಿತು. (ಇಲ್ಲಿ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.)

ಮೊದಲು ಒಂದು ಎಚ್ಚರಿಕೆ. ಹಳೆಯ ಎಪಿಐ 2024ರ ಜೂನ್‌ನಲ್ಲಿ ನಿಂತುಹೋಯಿತು. 'ಎಪಿಐ/ಕ್ವೆರಿ/ಸ್ಟಡಿ_ಫೀಲ್ಡ್ಸ್' ಎಂಬ ವಿಳಾಸವಿರುವ ಕೋಡ್ ಎಲ್ಲೇ ಸಿಕ್ಕರೂ ಅದು ಈಗ ಓಡುವುದಿಲ್ಲ. ವಿಳಾಸವನ್ನಷ್ಟೇ ಬದಲಿಸಿ ಹೆಸರುಗಳನ್ನು ಹಾಗೇ ಬಿಟ್ಟರೂ ಆಗುವುದಿಲ್ಲ. ಹಳೆಯದರಲ್ಲಿ 'ಜೆಂಡರ್' ಎಂದಿದ್ದ ಫೀಲ್ಡ್ ಹೊಸದರಲ್ಲಿ 'ಸೆಕ್ಸ್' ಆಗಿದೆ. ಆದರೆ 'ಜೆಂಡರ್‌ಬೇಸ್ಡ್', 'ಜೆಂಡರ್‌ಡಿಸ್ಕ್ರಿಪ್ಷನ್' ಅದೇ ಹೆಸರಿನಲ್ಲಿ ಉಳಿದಿವೆ. ಇದರಲ್ಲಿ ಊಹೆಗೆ ಸಿಗುವ ನಿಯಮ ಯಾವುದೂ ಇಲ್ಲ. ಪಟ್ಟಿ ನೋಡಲೇಬೇಕು.

ಪಟ್ಟಿ ಎಲ್ಲಿದೆ

ಮೂಲ ವಿಳಾಸ 'ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್/ಎಪಿಐ/ವಿ2'. ಅದರ ಮುಂದೆ '/ಸ್ಟಡೀಸ್/ಮೆಟಾಡೇಟಾ' ಸೇರಿಸಿದರೆ ಎಲ್ಲ ಫೀಲ್ಡ್‌ಗಳ ಮರ ಜೇಸನ್ ರೂಪದಲ್ಲಿ ಸಿಗುತ್ತದೆ. ಕಣ್ಣಲ್ಲಿ ಓದಬೇಕೆಂದರೆ ಅದೇ ಸೈಟಿನ ಡೇಟಾ ಎಪಿಐ ವಿಭಾಗದಲ್ಲಿ 'ಸ್ಟಡಿ ಡೇಟಾ ಸ್ಟ್ರಕ್ಚರ್' ಎಂಬ ಪುಟವಿದೆ, ವಿಷಯ ಅದೇ. ಒಂದೆರಡು ಫೀಲ್ಡ್ ಬೇಕಿದ್ದರೆ ಪುಟ ತೆರೆದು ಕಂಟ್ರೋಲ್-ಎಫ್ ಒತ್ತುವುದೇ ಬೇಗ. ಹತ್ತಕ್ಕಿಂತ ಹೆಚ್ಚಿದ್ದರೆ ಮೆಟಾಡೇಟಾವನ್ನು ಇಳಿಸಿಕೊಂಡು ಫೈಲಾಗಿ ಇಟ್ಟುಕೊಳ್ಳಿ.

ಮರದ ಪ್ರತಿ ಗಂಟಿನಲ್ಲೂ ಹಲವು ಗುಣಗಳಿವೆ. ನಮಗೆ ಮುಖ್ಯವಾದವು ಎರಡು: 'ನೇಮ್' ಮತ್ತು 'ಪೀಸ್'. ನೇಮ್ ಚಿಕ್ಕಕ್ಷರದಿಂದ ಶುರುವಾಗುತ್ತದೆ, ಉತ್ತರದ ಜೇಸನ್‌ನಲ್ಲಿ ಕೀ ಆಗಿ ಬರುವುದು ಅದೇ. ಪೀಸ್ ದೊಡ್ಡಕ್ಷರದಿಂದ ಶುರುವಾಗುತ್ತದೆ, ರಿಕ್ವೆಸ್ಟ್‌ನಲ್ಲಿ ಬರೆಯಲು ಅದೇ ಸುಲಭ. ಎರಡು ಯಾಕೆ ಬೇಕು? ಒಂದೇ ನೇಮ್ ಹಲವು ಕಡೆ ಬರುತ್ತದೆ. ಪ್ರಾಯೋಜಕರ ಕೆಳಗೂ 'ನೇಮ್' ಎಂಬ ಕೀ ಇದೆ, ಚಿಕಿತ್ಸೆಯ ಕೆಳಗೂ ಇದೆ. 'ಡೇಟ್', 'ಟೈಪ್' ಇವಂತೂ ಎಲ್ಲೆಲ್ಲೂ ಇವೆ. ಬರೀ 'ನೇಮ್' ಕೊಡಿ ಎಂದರೆ ಯಾರ ಹೆಸರು ಎಂದು ತಿಳಿಯುವುದಿಲ್ಲ. ಪೀಸ್ ಅದನ್ನು ಬಿಡಿಸಿ ಹೇಳುತ್ತದೆ: 'ಲೀಡ್‌ಸ್ಪಾನ್ಸರ್‌ನೇಮ್', 'ಇಂಟರ್‌ವೆನ್ಷನ್‌ನೇಮ್'.

ಹಾಗಾಗಿ ಕೇಳುವಾಗ ಪೀಸ್, ಓದುವಾಗ ನೇಮ್‌ಗಳ ಸರಪಳಿ. ಕೋಡ್ ಬರೆಯುವ ಮೊದಲು ಇದೊಂದನ್ನು ಗಟ್ಟಿ ಮಾಡಿಕೊಳ್ಳಿ. ಉದಾಹರಣೆಗೆ, ಎಷ್ಟು ಜನ ಭಾಗವಹಿಸಿದರು ಎಂಬ ಫೀಲ್ಡ್‌ಗೆ 'ಎನ್‌ರೋಲ್‌ಮೆಂಟ್‌ಕೌಂಟ್' ಎಂದು ಕೇಳಬೇಕು. ಉತ್ತರದಲ್ಲಿ ಅದು 'ಪ್ರೋಟೊಕಾಲ್‌ಸೆಕ್ಷನ್', ಅದರೊಳಗೆ 'ಡಿಸೈನ್‌ಮಾಡ್ಯೂಲ್', ಅದರೊಳಗೆ 'ಎನ್‌ರೋಲ್‌ಮೆಂಟ್‌ಇನ್ಫೋ', ಅದರೊಳಗೆ 'ಕೌಂಟ್' ಆಗಿ ಬರುತ್ತದೆ. ಕೇಳಿದ ಹೆಸರನ್ನೇ ಉತ್ತರದಲ್ಲಿ ಹುಡುಕುವವರಿಗೆ ಏನೂ ಸಿಗುವುದಿಲ್ಲ, ಮಾಹಿತಿಯೇ ಇಲ್ಲವೆಂದು ತಪ್ಪು ತಿಳಿಯುತ್ತಾರೆ. 'ಸ್ಟಾರ್ಟ್‌ಡೇಟ್' ಕೂಡ ಹೀಗೇ. ಅದು 'ಸ್ಟೇಟಸ್‌ಮಾಡ್ಯೂಲ್' ಒಳಗಿನ 'ಸ್ಟಾರ್ಟ್‌ಡೇಟ್‌ಸ್ಟ್ರಕ್ಟ್'ನ 'ಡೇಟ್' ಆಗಿ ಬರುತ್ತದೆ. ದಿನ ಕೊಡದ ಅಧ್ಯಯನಗಳಲ್ಲಿ ಅಲ್ಲಿ ವರ್ಷ-ತಿಂಗಳು ಮಾತ್ರ ಇರುತ್ತದೆ. ಪೂರ್ತಿ ದಿನಾಂಕ ಬರುತ್ತದೆಂದು ನಂಬಿದ ಕೋಡ್ ಅಲ್ಲಿ ಮುರಿಯುತ್ತದೆ.

ಮರವನ್ನು ಪಟ್ಟಿಯಾಗಿಸಲು ಚಿಕ್ಕ ರಿಕರ್ಸಿವ್ (ತನ್ನನ್ನೇ ಮತ್ತೆ ಕರೆಯುವ) ಫಂಕ್ಷನ್ ಸಾಕು. ಪ್ರತಿ ಗಂಟಿನಲ್ಲಿ ಈವರೆಗಿನ ದಾರಿಗೆ ಅದರ ನೇಮ್ ಸೇರಿಸಿ. 'ಚಿಲ್ಡ್ರನ್' ಇದ್ದರೆ ಒಳಗೆ ಹೋಗಿ, ಇಲ್ಲದಿದ್ದರೆ ಪೀಸ್, ಪೂರ್ತಿ ದಾರಿ, ಟೈಪ್ ಈ ಮೂರನ್ನು ಒಂದು ಸಾಲಾಗಿ ಬರೆಯಿರಿ. ಜೊತೆಗೆ 'ಈಸ್‌ಎನಮ್' ಮತ್ತು 'ನೆಸ್ಟೆಡ್' ಗುರುತುಗಳನ್ನೂ ಉಳಿಸಿಕೊಳ್ಳಿ, ಮುಂದೆ ಬೇಕಾಗುತ್ತವೆ. ಕೊಂಬೆಯ ಹೆಸರು ಕೊಟ್ಟರೂ ನಡೆಯುತ್ತದೆ. 'ಕಂಡಿಷನ್ಸ್‌ಮಾಡ್ಯೂಲ್' ಎಂದು ಕೇಳಿದರೆ ಅದರಡಿಯ ಎಲ್ಲ ಫೀಲ್ಡ್ ಬರುತ್ತವೆ.

ಮೆಟಾಡೇಟಾಗೆ 'ಇನ್‌ಕ್ಲೂಡ್‌ಇಂಡೆಕ್ಸ್ಡ್‌ಓನ್ಲಿ', 'ಇನ್‌ಕ್ಲೂಡ್‌ಹಿಸ್ಟಾರಿಕ್‌ಓನ್ಲಿ' ಎಂಬ ಎರಡು ಸ್ವಿಚ್‌ಗಳಿವೆ. ಮೊದಲನೆಯದು ಹುಡುಕಾಟಕ್ಕೆ ಮಾತ್ರ ಒದಗುವ ಫೀಲ್ಡ್‌ಗಳನ್ನೂ ತೋರಿಸುತ್ತದೆ, ಎರಡನೆಯದು ಹಳೆಯ ಆವೃತ್ತಿಗಳಲ್ಲಷ್ಟೇ ಇರುವುದನ್ನು. ಇಳಿಸಿಕೊಳ್ಳುವ ಪಟ್ಟಿ ಮಾಡುವಾಗ ಎರಡನ್ನೂ ಆನ್ ಮಾಡಬೇಡಿ.

ಹೆಸರು ಸರಿ, ಮೌಲ್ಯ ತಪ್ಪು

ಎನಮ್ ಎಂದು ಗುರುತಿರುವ ಫೀಲ್ಡ್‌ಗೆ ನಿಗದಿತ ಮೌಲ್ಯಗಳಷ್ಟೇ ನಡೆಯುತ್ತವೆ. ಅವು '/ಸ್ಟಡೀಸ್/ಎನಮ್ಸ್' ವಿಳಾಸದಲ್ಲಿವೆ. ಪುಟದಲ್ಲಿ ಮೂರು ಬಿಡಿ ಪದಗಳಾಗಿ ಕಾಣುವ 'ನಾಟ್ ಯೆಟ್ ರಿಕ್ರೂಟಿಂಗ್' ಎಪಿಐಯಲ್ಲಿ ಪೂರ್ತಿ ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್. ಹಳೆಯ ರೂಪವನ್ನೂ ಅದೇ ಪಟ್ಟಿ ಪಕ್ಕದಲ್ಲಿ ಕೊಡುವುದರಿಂದ ಹಳೆಯ ಕೋಡ್ ಬದಲಿಸುವವರಿಗೆ ಅನುಕೂಲ.

ಫೀಲ್ಡ್ ಇದೆ, ಆದರೆ ಅದರಲ್ಲಿ ನಿಜವಾಗಿ ಏನು ತುಂಬಿದೆ? ಅದಕ್ಕೆ '/ಸ್ಟ್ಯಾಟ್ಸ್/ಫೀಲ್ಡ್/ವ್ಯಾಲ್ಯೂಸ್'ಗೆ ಪೀಸ್ ಹೆಸರು ಕೊಡಿ. ಹೆಚ್ಚು ಬಳಕೆಯ ಮೌಲ್ಯಗಳು, ಬೇರೆಬೇರೆ ಮೌಲ್ಯಗಳ ಸಂಖ್ಯೆ, ಎಷ್ಟು ಅಧ್ಯಯನಗಳಲ್ಲಿ ಆ ಫೀಲ್ಡ್ ಖಾಲಿ ಎಂಬುದು ಬರುತ್ತದೆ. ಫೀಲ್ಡ್ ಆರಿಸುವ ಮೊದಲು ಇದನ್ನು ನೋಡುವುದು ಬಹಳ ಒಳ್ಳೆಯದು. ಖಾಲಿ ಫೀಲ್ಡ್ ಉತ್ತರದಲ್ಲಿ ನಲ್ ಆಗಿ ಬರುವುದಿಲ್ಲ, ಕೀಯೇ ಇರುವುದಿಲ್ಲ. ಹಾಗಾಗಿ ಪೈಥಾನ್‌ನಲ್ಲಿ ಚೌಕ ಆವರಣದ ಬದಲು 'ಗೆಟ್' ಬಳಸಿ.

'ಕಂಡಿಷನ್' ಎಂಬುದು ಪ್ರಾಯೋಜಕರು ತಾವೇ ಬರೆದ ಕಾಯಿಲೆಯ ಹೆಸರು. 'ಕಂಡಿಷನ್‌ಮೆಶ್‌ಟರ್ಮ್' ಲೈಬ್ರರಿಯ ಮೆಶ್ ಪದಕೋಶಕ್ಕೆ ಹೊಂದಿಸಿದ ಹೆಸರು, ಇರುವುದು 'ಡಿರೈವ್ಡ್‌ಸೆಕ್ಷನ್' ಒಳಗೆ. ಎಣಿಕೆಗೆ ಎರಡನೆಯದೇ ಮೇಲು.

ರಿಕ್ವೆಸ್ಟ್ ಕಳಿಸಿ ನೋಡುವುದು

'/ಸ್ಟಡೀಸ್'ಗೆ 'ಫೀಲ್ಡ್ಸ್' ಪ್ಯಾರಾಮೀಟರ್‌ನಲ್ಲಿ ಅಲ್ಪವಿರಾಮ ಹಾಕಿ 'ಎನ್‌ಸಿಟಿಐಡಿ', 'ಬ್ರೀಫ್‌ಟೈಟಲ್', 'ಎನ್‌ರೋಲ್‌ಮೆಂಟ್‌ಕೌಂಟ್' ಎಂದು ಕೊಡಿ. 'ಪೇಜ್‌ಸೈಜ್' 1 ಇರಲಿ. ತಪ್ಪು ಹೆಸರಿದ್ದರೆ 400 ಎಂಬ ದೋಷಸಂಖ್ಯೆ ಬರುತ್ತದೆ, ಜೊತೆಯ ಸಂದೇಶವನ್ನು ಓದಿ. ಸರಿಯಾದ ಮೇಲೆ ಪೇಜ್‌ಸೈಜ್ ಏರಿಸಿ: ಸುಮ್ಮನೆ ಬಿಟ್ಟರೆ 10, ಗರಿಷ್ಠ 1000. ಮುಂದಿನ ಪುಟಕ್ಕೆ ಉತ್ತರದ 'ನೆಕ್ಸ್ಟ್‌ಪೇಜ್‌ಟೋಕನ್' ಅನ್ನು 'ಪೇಜ್‌ಟೋಕನ್' ಆಗಿ ಕಳಿಸಬೇಕು.

'ಸಾರ್ಟ್'ಗೂ ಪೀಸ್ ಹೆಸರೇ ಬೇಕು, ಆದರೆ ದಿನಾಂಕ ಮತ್ತು ಸಂಖ್ಯೆಯ ಫೀಲ್ಡ್ ಮಾತ್ರ, ಹೆಚ್ಚೆಂದರೆ 2. 'ಬ್ರೀಫ್‌ಟೈಟಲ್' ಸರಿಯಾದ ಹೆಸರೇ ಆದರೂ ಅಲ್ಲಿ ನಡೆಯುವುದಿಲ್ಲ.

ಸಿಎಸ್‌ವಿ (ಕಾಲಂಗಳಿರುವ ಟೇಬಲ್ ಫೈಲ್) ಕೇಳಿದರೆ ಮೇಲಿನ ಪೀಸ್ ಹೆಸರುಗಳನ್ನು ಬದಿಗಿಡಿ. ಅಲ್ಲಿ ಕಾಲಂ ಶೀರ್ಷಿಕೆಗಳೇ ಬೇಕು: 'ಎನ್‌ಸಿಟಿ ನಂಬರ್', 'ಸ್ಟಡಿ ಟೈಟಲ್' ಹೀಗೆ, ನಡುವೆ ಖಾಲಿ ಜಾಗವಿರುವ ಹೆಸರುಗಳು. ಇವು ಮೆಟಾಡೇಟಾದಲ್ಲಿಲ್ಲ, 'ಸಿಎಸ್‌ವಿ ಡೌನ್‌ಲೋಡ್' ಪುಟದಲ್ಲಿವೆ. ಫಾರ್ಮ್ಯಾಟ್ ಬದಲಿಸಿದ ಕೂಡಲೇ ಓಡುತ್ತಿದ್ದ ಕೋಡ್ ನಿಂತರೆ ಮೊದಲು ಇದನ್ನೇ ನೋಡಿ.

ಒಂದೇ ಕೇಂದ್ರದ ಬಗ್ಗೆ ಕೇಳುವಾಗ

'ನೆಸ್ಟೆಡ್' ಗುರುತಿನ ಫೀಲ್ಡ್‌ಗಳಲ್ಲಿ ಹೆಸರು ಸರಿಯಿದ್ದರೂ ಉತ್ತರ ತಪ್ಪಾಗಬಹುದು. ಮೈಸೂರಿನಲ್ಲಿ ಈಗ ಭಾಗಿಗಳನ್ನು ಸೇರಿಸಿಕೊಳ್ಳುತ್ತಿರುವ ಅಧ್ಯಯನಗಳು ಬೇಕು ಎಂದುಕೊಳ್ಳಿ. 'ಫಿಲ್ಟರ್.ಅಡ್ವಾನ್ಸ್ಡ್'ನಲ್ಲಿ 'ಏರಿಯಾ[ಲೊಕೇಶನ್‌ಸಿಟಿ]ಮೈಸೂರು ಆ್ಯಂಡ್ ಏರಿಯಾ[ಲೊಕೇಶನ್‌ಸ್ಟೇಟಸ್]ರಿಕ್ರೂಟಿಂಗ್' ಎಂದರೆ, ಮೈಸೂರಿನ ಕೇಂದ್ರ ಮುಚ್ಚಿ ಚೆನ್ನೈನ ಕೇಂದ್ರ ತೆರೆದಿರುವ ಅಧ್ಯಯನವೂ ಬಂದುಬಿಡುತ್ತದೆ. ಎರಡು ಷರತ್ತೂ ಒಂದೇ ಕೇಂದ್ರಕ್ಕೆ ಅನ್ವಯಿಸಬೇಕಾದರೆ ಇಡೀ ಮಾತನ್ನು ಆವರಣದೊಳಗೆ ಹಾಕಿ ಮುಂದೆ 'ಸರ್ಚ್[ಲೊಕೇಶನ್]' ಎಂದು ಬರೆಯಿರಿ. ಚಿಕಿತ್ಸೆಗಾಗಿ ಕೇಂದ್ರ ಹುಡುಕುತ್ತಿರುವ ರೋಗಿಗಳ ಮನೆಯವರಿಗೆ ಪಟ್ಟಿ ಕೊಡುವವರು ಇದನ್ನು ಖಂಡಿತ ಮರೆಯಬಾರದು. ಊರಿನ ಹೆಸರಿಗೆ ಮೈಸೂರು, ಮೈಸೋರ್ ಎರಡೂ ಕಾಗುಣಿತವನ್ನು 'ಆರ್' ಹಾಕಿ ಕೊಡಿ. ಬೆಂಗಳೂರು, ಬ್ಯಾಂಗಲೋರ್‌ಗೂ ಹಾಗೆಯೇ.

ಕರ್ಲ್ (ಕಮಾಂಡ್ ಸಾಲಿನಿಂದ ರಿಕ್ವೆಸ್ಟ್ ಕಳಿಸುವ ಸಾಧನ) ಬಳಸುವವರು ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಇಡಿ, ಇಲ್ಲದಿದ್ದರೆ ಆ್ಯಂಪರ್ಸಂಡ್ ಬಳಿಯೇ ಶೆಲ್ ಕಮಾಂಡನ್ನು ತುಂಡರಿಸುತ್ತದೆ. ಚೌಕ ಆವರಣವನ್ನು ಕರ್ಲ್ ತನ್ನದೇ ಅರ್ಥದಲ್ಲಿ ಓದುತ್ತದೆ, ಅದಕ್ಕೆ 'ಮೈನಸ್ ಜಿ' ಆಯ್ಕೆ ಸೇರಿಸಿ. ಫೀಲ್ಡ್ ಹೆಸರು ಸರಿಯಿದ್ದೂ ರಿಕ್ವೆಸ್ಟ್ ಹೊರಡುವುದೇ ಇಲ್ಲವೆಂದರೆ ಕಾರಣ ಸಾಮಾನ್ಯವಾಗಿ ಇದೇ.

ತಿಂಗಳುಗಟ್ಟಲೆ ಓಡಿಸುವ ಕೋಡ್ ಆದರೆ '/ವರ್ಷನ್' ವಿಳಾಸದಿಂದ ಎಪಿಐ ಆವೃತ್ತಿ ಮತ್ತು ಡೇಟಾದ ಸಮಯವನ್ನು ಪ್ರತಿ ಸಲ ಫೈಲಿನಲ್ಲಿ ದಾಖಲಿಸಿ. ಆವೃತ್ತಿ ಬದಲಾದ ದಿನ ಮೆಟಾಡೇಟಾವನ್ನು ಮತ್ತೆ ಇಳಿಸಿ, ನಿಮ್ಮ ಪಟ್ಟಿಯ ಪ್ರತಿ ಪೀಸ್ ಅದರಲ್ಲಿದೆಯೇ ಎಂದು ಹೋಲಿಸಿ, ಇಲ್ಲದ ಹೆಸರಿದ್ದರೆ ಕೋಡ್ ಅಲ್ಲಿಯೇ ನಿಲ್ಲುವಂತೆ ಮಾಡಿ.