ಕತ್ತಲ ರಸ್ತೆಗೆ ಸೈಕಲ್ ಲೈಟ್ ತಗೊಳೋದು ಹೇಗೆ

ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಸೈಕಲ್ ಹೊಡಿಯೋರಿಗೆ ಗೊತ್ತು, ದೇವನಹಳ್ಳಿ ದಾಟಿ ಹೈವೇ ಬಿಟ್ರೆ ಕಗ್ಗತ್ತಲು, ಬಣ್ಣ ಹೋಗಿರೋ ಹಂಪ್ ಬೇರೆ. ಅಲ್ಲಿಗೆ 100 ಲ್ಯುಮೆನ್ (ಲೈಟ್ ಎಷ್ಟು ಬೆಳಕು ಕೊಡುತ್ತೆ ಅನ್ನೋ ಅಳತೆ) ಸಾಲಲ್ಲ, ಅದು ಬೇರೆಯೋರಿಗೆ ನಾವು ಕಾಣೋಕಷ್ಟೇ, ನಮಗೆ ರಸ್ತೆ ಕಾಣ್ಬೇಕಂದ್ರೆ 400ರಿಂದ 800 ಬೇಕು. ಹಾಗಂತ ಬಾಕ್ಸ್ ಮೇಲಿನ ನಂಬರ್ ನೋಡಿ ಮರುಳಾಗ್ಬೇಡಿ, 5000 ಅಂತ ಬರ್ದಿದ್ದ ಅಗ್ಗದ ಲೈಟ್ ನಂಬ್ಕೊಂಡು ಹೋಗಿ ಮುಕ್ಕಾಲು ಗಂಟೇಲಿ ಕತ್ತಲಲ್ಲಿ ನಿಂತಿದೀನಿ. ಫುಲ್ ಬ್ರೈಟಲ್ಲಿ ಎರಡು ಗಂಟೆಯಾದ್ರೂ ಚಾರ್ಜ್ ನಿಲ್ಬೇಕು. ಮಳೆಗೆ ಕನಿಷ್ಠ ಐಪಿಎಕ್ಸ್ 4 ಇರ್ಬೇಕು, ಅಂದ್ರೆ ಯಾವ ಕಡೆಯಿಂದ ನೀರು ಸಿಡಿದ್ರೂ ತಡ್ಕೊಳೋ ರೇಟಿಂಗು. ಬೆಳಕು ಮೇಲ್ಗಡೆ ಕಟ್ ಆಗಿ ರಸ್ತೆ ಮೇಲೆ ಅಗಲವಾಗಿ ಬೀಳೋ ಥರದ್ದು ಸಿಕ್ರೆ ಬಿಡ್ಬೇಡಿ, ಎದುರು ಬರೋರ ಕಣ್ಣಿಗೂ ಹೊಡಿಯಲ್ಲ. ಆಮೇಲೆ ಕ್ಲಾಂಪು, ಅಂಗಡೀಲೇ ಹ್ಯಾಂಡಲ್‌ಗೆ ಹಾಕಿಸಿ ಅಲ್ಲಾಡಿಸಿ ನೋಡಿ, ಜಾರಿದ್ರೆ ಹಳೇ ಟ್ಯೂಬ್ ತುಂಡು ಒಳಗಿಟ್ಟು ಬಿಗಿ ಮಾಡಿ.